ಗುಡ್‌ವಿಲ್ ಯಾರ ದುಡಿಮೆ?

ಕೆಂಪು ಹಾಸಿನ ಮೇಲೆ ನಡೆದು ರೈಲು ಹತ್ತುವ ಭಾಗ್ಯ ಅಮೆರಿಕದ 'ಟ್ವೆಂಟಿಯತ್ ಸೆಂಚುರಿ ಲಿಮಿಟೆಡ್' ಪ್ರಯಾಣಿಕರಿಗಿತ್ತು. 1902ರ ಜೂನ್‌ನಲ್ಲಿ ಆರಂಭವಾದ ಈ ಐಷಾರಾಮಿ ರೈಲು ನ್ಯೂಯಾರ್ಕ್‌ನಿಂದ ಷಿಕಾಗೋವರೆಗಿನ ಸುಮಾರು 1,500 ಕಿ.ಮೀ. ದೂರವನ್ನು ಮೊದಲು 20 ಗಂಟೆಗಳಲ್ಲಿ, 1938ರಲ್ಲಿ 16 ಗಂಟೆಗಳಲ್ಲಿ ತಲುಪುತ್ತಿತ್ತು. ಮಲಗುವ ಕೋಣೆ, ಊಟದ ಬೋಗಿ, ಕ್ಷೌರಿಕ ಎಲ್ಲವೂ ರೈಲಿನಲ್ಲೇ ಇದ್ದವು. ವಿಮಾನಗಳು ಬಂದ ಮೇಲೆ ಶ್ರೀಮಂತರು ಅತ್ತ ಹೋದರು. 1967ರ ಡಿಸೆಂಬರ್‌ನಲ್ಲಿ ರೈಲು ನಿಂತಿತು.

ಇದರ ಇತಿಹಾಸ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಒಂದು ಹೆಸರು. ಮಲಗುವ ಬೋಗಿಗಳನ್ನು ನಡೆಸುತ್ತಿದ್ದದ್ದು ಪುಲ್ಮನ್ ಕಂಪನಿ. ಹಾಸಿಗೆ ಸಿದ್ಧಮಾಡುವುದು, ಬೂಟು ಪಾಲಿಶ್ ಮಾಡುವುದು, ನಡುರಾತ್ರಿ ಗಂಟೆ ಬಾರಿಸಿದರೆ ಓಡುವುದು ಪೋರ್ಟರ್‌ಗಳ ಕೆಲಸ. ಅವರಲ್ಲಿ ಬಹುತೇಕರು ಕಪ್ಪು ವರ್ಣೀಯರು. ಕಂಪನಿಯ ಸ್ಥಾಪಕ ಜಾರ್ಜ್ ಪುಲ್ಮನ್ ಆದ್ದರಿಂದ ಅನೇಕ ಪ್ರಯಾಣಿಕರು ಪ್ರತಿಯೊಬ್ಬ ಪೋರ್ಟರ್‌ನನ್ನೂ 'ಜಾರ್ಜ್' ಎಂದೇ ಕರೆಯುತ್ತಿದ್ದರು. ಗುಲಾಮರನ್ನು ಒಡೆಯನ ಹೆಸರಿನಿಂದ ಕರೆಯುತ್ತಿದ್ದ ಕಾಲದ ಅಭ್ಯಾಸವದು. ತಿಂಗಳಿಗೆ ಸುಮಾರು 400 ಗಂಟೆ ದುಡಿದರೂ ಸಂಬಳ ಸಾಲದೆ ಅವರು ಟಿಪ್ಸ್ ನಂಬಿಕೊಂಡಿದ್ದರು.

ನನ್ನ ಅಬ್ಬಾ ಹೋಟೆಲೊಂದರಲ್ಲಿ ಸಪ್ಲೈಯರ್. ಹೆಚ್ಚಿನ ಗಿರಾಕಿಗಳಿಗೆ ಅವರು 'ಏಯ್ ಭಾಯ್', ಅಷ್ಟೇ. ಯಾರಿಗೆ ಸಕ್ಕರೆ ಕಡಿಮೆ, ಯಾರಿಗೆ ಖಾರ ಬೇಡ ಎಂಬುದೆಲ್ಲ ಅಬ್ಬಾಗೆ ಬಾಯಿಪಾಠ. ಅವರು ರಜೆ ಹಾಕಿದ ದಿನ "ಆ ಭಾಯ್ ಎಲ್ಲಿ?" ಎಂದು ಕೇಳುತ್ತಾರಂತೆ. "ಪೂಛ್ತೇ ಹೈಂ, ಮಗರ್ ನಾಮ್ ನೈ ಮಾಲೂಮ್" ಎಂದು ಅಮ್ಮಿ ನಗುತ್ತಾರೆ. ಕೇಳುತ್ತಾರೆ, ಆದರೆ ಹೆಸರು ಗೊತ್ತಿಲ್ಲ!

ಲೆಕ್ಕಶಾಸ್ತ್ರದಲ್ಲಿ ನಾವು ಗುಡ್‌ವಿಲ್ ಓದುತ್ತೇವೆ. ಗಿರಾಕಿ ಮತ್ತೆ ಮತ್ತೆ ಬರುವಂತೆ ಮಾಡುವ, ಕಣ್ಣಿಗೆ ಕಾಣದ ಆಸ್ತಿ ಅದು. ಅದನ್ನು ಪಾಲುದಾರರ ನಡುವೆ ಹಂಚುವ ಲೆಕ್ಕಗಳನ್ನು ಎಷ್ಟೋ ಬಿಡಿಸಿದ್ದೇನೆ. ಅದನ್ನು ಗಳಿಸಿಕೊಟ್ಟ ಕೆಲಸಗಾರನ ಹೆಸರು ಒಂದು ಲೆಕ್ಕದಲ್ಲೂ ಬಂದಿಲ್ಲ.

ಪೋರ್ಟರ್‌ಗಳು ತಮ್ಮ ಲೆಕ್ಕವನ್ನು ತಾವೇ ಕೇಳಿದರು. 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಅವರ ನಾಯಕತ್ವದಲ್ಲಿ ಸಂಘ ಕಟ್ಟಿದರು. ಕೆಲಸ ಕಳೆದುಕೊಳ್ಳುವ ಭಯದ ನಡುವೆಯೂ 12 ವರ್ಷ ಹೋರಾಡಿದರು. 1937ರಲ್ಲಿ ಕಂಪನಿ ಒಪ್ಪಂದಕ್ಕೆ ಸಹಿ ಹಾಕಿತು. ಸಂಬಳ ಹೆಚ್ಚಿತು, ದುಡಿಮೆಯ ಅವಧಿ ತಿಂಗಳಿಗೆ 240 ಗಂಟೆಗೆ ಇಳಿಯಿತು.

ಗೆಳೆಯರೇ, ನಮ್ಮ ಕ್ಯಾಂಟೀನಿನಲ್ಲಿ ಚಹಾ ಕೊಡುವವರ, ಬೆಳಿಗ್ಗೆ ನಮಗಿಂತ ಮೊದಲು ಬಂದು ತರಗತಿ ಗುಡಿಸುವವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಗೊತ್ತಿಲ್ಲದಿದ್ದರೆ ನಾಳೆಯೇ ಕೇಳೋಣ. ಅದಕ್ಕೆ ಖರ್ಚೇನೂ ಇಲ್ಲ.