ಚಿಟಿಕಿ ಉಪ್ಪು, ಮುಷ್ಟಿ ಬೆಲ್ಲ

ಮಳಿ ಸುರು ಆತಂದ್ರ ನಮ್ಮ ಓಣ್ಯಾಗ ನಳದ ನೀರು ಒಮ್ಮೊಮ್ಮೆ ಚಹಾದ ಬಣ್ಣಕ್ಕ ತಿರಗತೈತಿ. ಹಿಂದ ಹೊಟ್ಟಿ ಕೆಟ್ಟವರ ಸುದ್ದಿ. ಸುದ್ದಿ ಜೋಡಿ ಹಿರೇರ ಮಾತೂ ಬರತೈತಿ: “ಜುಲಾಬ ಹತ್ತಿದವರಿಗೆ ನೀರು ಕೊಡಬ್ಯಾಡ್ರಿ, ಕೊಟ್ಟಷ್ಟೂ ಹೋಗತೈತಿ.” ಅಕ್ಕಾರ, ಈ ಮಾತು ಕೇಳಿದ್ರ ನನಗ ಸಿಟ್ಟು ತಡಿಯಾಕಾಗಂಗಿಲ್ಲ.

ನಮ್ಮಜ್ಜಿ ಸಣ್ಣಾಕಿದ್ದಾಗ ಅವರ ಊರಿಗೆ ಕಾಲರಾ ಬಂದಿತ್ತಂತ. ಆಕಿ ತಮ್ಮ, ಐದು ವರ್ಷದ ಹುಡುಗ, ನಸಿಕಿನ್ಯಾಗ ಸುರುವಾಗಿ ಸಂಜೀಕೆ ಹೋದ. ಇಡೀ ದಿನ “ಅವ್ವಾ, ನೀರು” ಅನ್ಕೋತ ಇದ್ದನಂತ. ಯಾರೂ ಕೊಡಲಿಲ್ಲ. ಅವರದೇನೂ ತಪ್ಪಲ್ಲ ಬಿಡ್ರಿ, ಅವರಿಗೆ ತಿಳಿದಿದ್ದು ಅಷ್ಟ. ಆದ್ರ ನಮ್ಮಜ್ಜಿ ಎಂಬತ್ತು ದಾಟಿದ ಮ್ಯಾಲೂ ಯಾರರ ನೀರು ಕೇಳಿದ್ರ ಕೈಯಾಗಿನ ಕೆಲಸ ಬಿಟ್ಟು ಏಳತಿದ್ಲು.

ಕಾಲರಾದ ಹುಳ ಕಣ್ಣಿಗೆ ಕಾಣಂಗಿಲ್ಲ. ಸಣ್ಣ ಕರಳಿನ ಗ್ವಾಡಿಗೆ ಅಂಟಕೊಂಡು ವಿಷ ಬಿಡತೈತಿ. ಆ ವಿಷಕ್ಕ ಮೈಯಾಗಿನ ನೀರು, ಉಪ್ಪು ಎಲ್ಲಾ ಕರಳಿಗೆ ಸುರದು ಹೊರಗ ಹೋಗತಾವು. ಅಕ್ಕಿ ತೊಳದ ನೀರಿನಂಥಾ ಭೇದಿ. ಜೋರಿದ್ರ ತಾಸಿಗೆ ಒಂದು ಲೀಟರ್ ತನಕ. ಮನುಷ್ಯಾ ಸಾಯೂದು ನೀರು ಬತ್ತಿ. ಬರೇ ನೀರು ಕುಡಿಸಿದ್ರ ಸಾಲಂಗಿಲ್ಲ. ಸಕ್ಕರಿ, ಉಪ್ಪು ಕೂಡೇ ಬಂದ್ರ ಕರಳು ಎರಡನ್ನೂ ಒಳಗ ಎಳಕೋತೈತಿ, ಅವುಗಳ ಹಿಂದ ನೀರೂ ಹೋಗತೈತಿ. ಆ ಬಾಗಲಾ ಕಾಲರಾ ಬಂದಾಗೂ ತೆರದ ಇರತೈತಿ.

1971ರಾಗ ಬಾಂಗ್ಲಾದೇಶದ ಯುದ್ಧಕ್ಕ ಅಂಜಿ ಲಕ್ಷಗಟ್ಟಲೆ ಮಂದಿ ಪಶ್ಚಿಮ ಬಂಗಾಲಕ್ಕ ಬಂದ್ರು. ಬನಗಾಂವದ ದವಾಖಾನಿ ಕಾಲರಾ ರೋಗಿಗಳಿಂದ ತುಂಬಿ, ಸಲೈನ್ ಬಾಟಲಿ ತೀರಾಕ ಬಂದ್ವು. ದಿಲೀಪ ಮಹಲನಬಿಸ್ ಅನ್ನೋ ಡಾಕ್ಟರು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗಿ ಸೋಡಾ ಕಲಸಿ ಡ್ರಮ್ಮಿನ್ಯಾಗ ತುಂಬಿಸಿಟ್ರು. ಕುಡಿಸಿದವರು ಯಾರು? ರೋಗಿ ಜೋಡಿ ಬಂದ ಅವ್ವ, ಅಕ್ಕ, ಅಣ್ಣ. ನೂರಕ್ಕ 30 ಮಂದಿ ಸಾಯೋ ಜಾಗದಾಗ ಮೂರು-ನಾಕಕ್ಕ ಇಳೀತು.

ನನಗ ಇನ್ನೂ ಹೆಚ್ಚು ಸೇರಿದ್ದು ಮುಂದಿನ ಕಥಿ. 1980ರಿಂದ ಹತ್ತು ವರ್ಷ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥಾದ ಹೆಣ್ಣುಮಕ್ಕಳು ಒಂದು ಕೋಟಿಗಿಂತ ಹೆಚ್ಚು ಮನಿಗೆ ಹೋಗಿ, ಅಂಗಳದಾಗ ಕುಂತು ಅವ್ವಂದಿರಿಗೆ ಕಲಿಸಿದ್ರು: ಮೂರು ಬೆರಳಿನ ಚಿಟಿಕಿ ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು. ಆಮ್ಯಾಲೆ ಬ್ಯಾರೆಯವರು ಹೋಗಿ ಆ ಅವ್ವನ್ನ ಕೇಳೂದು; ಆಕಿ ಎಷ್ಟು ನೆನಪಿಟ್ಟಾಳ ಅದರ ಮ್ಯಾಲೆ ಕಲಿಸಿದಾಕಿ ಪಗಾರ! ನಮ್ಮ ಹುಡುಗರ ಮಾಸ್ತರಿಗೂ ಹಿಂಗ ಮಾಡಿದ್ರ ಹೆಂಗ? ಕಲಿತವರಾಗ ಬಾಳ ಮಂದಿ ಮೊದಮೊದಲು ಅದನ್ನ ಬಳಸಲಿಲ್ಲ. ಯಾಕಂದ್ರ ಕಲಿಸೋ ಹೆಣ್ಣುಮಕ್ಕಳಿಗೇ ನಂಬಿಕಿ ಇರಲಿಲ್ಲ. ತಮಗ ಜುಲಾಬ ಆದ್ರ ಗುಳಿಗಿ ನುಂಗತಿದ್ರು. ಅವರಿಗೆ ತಿಳಿಸಿ ಹೇಳಿ, ಮನಿ ಗಂಡಸರನ್ನೂ ಕೂಡಿಸಿ ಹೇಳಿದ ಮ್ಯಾಲೆ ಬಳಕಿಗೆ ಬಂತು.

ಹರಡೂದು ರೋಗಿಯ ಹೊಲಸು ನೀರಿಗೆ ಸೇರಿ, ಆ ನೀರು ನಮ್ಮ ಬಾಯಿಗೆ ಬಂದು. ಬಾಂಗ್ಲಾದೇಶದ ಮತ್ಲಬ್ ಕಡೆ ಹಳೇ ಹತ್ತಿ ಸೀರಿ ನಾಕು ಸಲ ಮಡಚಿ ಕೆರಿ-ಹೊಳಿ ನೀರು ಸೋಸಿದ್ರ ಕಾಲರಾ ಹತ್ತಿರತ್ರ ಅರ್ಧಕ್ಕ ಇಳದಿತ್ತು. ನೀರಾಗಿನ ಸಣ್ಣ ಪ್ರಾಣಿಗೆ ಅಂಟಕೊಂಡ ಹುಳ ಅರಿವ್ಯಾಗ ಉಳೀತಾವು. ಒಗದೊಗದು ಹಳೇದಾದ ಸೀರಿನ ಛಲೋ. ನಾವಂತೂ ಸೋಸಿ ಕುದಿಸೂಣು.

ಮನ್ಯಾಗ ಓಆರ್‌ಎಸ್ ಪ್ಯಾಕೆಟ್ ಇರಲಿ. ಇಲ್ಲಂದ್ರ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರಿ, ಅರ್ಧ ಸಣ್ಣ ಚಮಚ ಉಪ್ಪು, ಎರಡೂ ಅಂಚಿಗೆ ಸವರಿ. ಉಪ್ಪು ಹೆಚ್ಚಾದ್ರ ಕೂಸಿಗೆ ಅಪಾಯ. ವಾಂತಿ ಆದ್ರ ಹತ್ತು ಮಿನಿಟು ಬಿಟ್ಟು ಚಮಚದಿಂದ ಮತ್ತ ಸುರು ಮಾಡ್ರಿ, ಮೊಲಿಹಾಲು ಬಿಡಿಸಬ್ಯಾಡ್ರಿ. ಕಣ್ಣು ಒಳಗ ಹ್ವಾದ್ರ, ಉಚ್ಚಿ ನಿಂತ್ರ, ಮಂಪರು ಬಂದ್ರ ಮನ್ಯಾಗ ಕುಂದರಬ್ಯಾಡ್ರಿ. ಕುಡಿಸ್ಕೋತ ದವಾಖಾನಿಗೆ ನಡೀರಿ, ಸಲೈನ್ ಬೇಕಾಗತೈತಿ.

ನಮ್ಮ ಮನ್ಯಾಗ ಪ್ಯಾಕೆಟ್ಟು ಸಾಸಿವಿ ಡಬ್ಬಿ ಹಿಂದ ಇಟ್ಟೀನಿ. ಓಣ್ಯಾಗ ಯಾರಿಗರ ಬೇಕಾದ್ರ ನಡುರಾತ್ರಿ ಆದ್ರೂ ಬಾಗಲಾ ಬಡೀರಿ.