ಬೆಂಡಿನ ಅಂಗಿ

ಈ ಸಲ ಹಬ್ಬ, ಜಾತ್ರೆ ಬಿಟ್ಟು ಬೇರೆ ಏನಾದರೂ ಬರೀರಿ ಎಂದು ಗುರುಗಳು ಹೇಳಿದ್ದರಿಂದ ನಾನು ಒಂದು ಅಂಗಿಯ ಬಗ್ಗೆ ಬರೆಯುತ್ತೇನೆ. ಅದಕ್ಕೆ ತೋಳಿಲ್ಲ. ಬಣ್ಣ ಕೇಸರಿ.

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ ನದಿಗೆ ಮಹಾಪೂರ ಬಂದಾಗ ನಾನು ಒಂದನೆತ್ತೆ. ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ ಕೊಯ್ನಾ ಆಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಅತ್ತ ಮುಧೋಳ ಕಡೆ ಘಟಪ್ರಭಾ ತುಂಬಿತ್ತು, ಇತ್ತ ನಮ್ಮ ತೋಟದ ಮನೆ ಸುತ್ತ ಕೃಷ್ಣೆ ನಿಂತಿದ್ದಳು. ಕಬ್ಬಿನ ಸುಳಿ ಮಾತ್ರ ಕಾಣುತ್ತಿತ್ತು.

ಮೊದಲು ಬಂದವನು ನಮ್ಮ ಕಾಕಾ. ಮೀನು ಹಿಡಿಯುವ ದೋಣಿ ತಂದು ಬಾಜೂ ಮನೆಯವರನ್ನೆಲ್ಲ ದಾಟಿಸಿದ. ಮೈಮೇಲೆ ಬನಿಯನ್, ಚಡ್ಡಿ, ತಲೆಗೆ ಕೆಂಪು ಟವೆಲ್, ಇಷ್ಟೇ. ಅವನ ಜೊತೆ ಬಂದ ಊರ ಹುಡುಗರೂ ಹಂಗ ಇದ್ದರು.

ಮರುದಿನ ರಬ್ಬರ್ ಬೋಟಿನಲ್ಲಿ ಎನ್.ಡಿ.ಆರ್.ಎಫ್. ನವರು ಬಂದರು. ಈ ಪಡೆ ಶುರುವಾಗಿದ್ದು 2006ರಲ್ಲಿ. ಬಿ.ಎಸ್.ಎಫ್., ಸಿ.ಆರ್.ಪಿ.ಎಫ್. ಮುಂತಾದ ಪಡೆಗಳಿಂದ ಇದಕ್ಕೆ ಜನರನ್ನು ಕಳಿಸುತ್ತಾರೆ ಎಂದು ಗುರುಗಳು ಹೇಳಿದ್ದಾರೆ. ಅವರ ಮೈತುಂಬ ಕೇಸರಿ ಅರಿವಿ, ತಲೆಗೆ ಹೆಲ್ಮೆಟ್, ಮೇಲೆ ಜಾಕೀಟು. ನಮ್ಮ ಆಯಿಗೂ ಒಂದು ಜಾಕೀಟು ಹಿಡಿದರು.

“ಗಂಡಸರ ಅಂಗಿ ನಾ ಹಾಕ್ಕೊಳ್ಳಂಗಿಲ್ಲ” ಅಂದ್ಲು ಆಯಿ.

ಅವರಿಗೆ ಕನ್ನಡ ಬಾರದು, ಆಯಿಗೆ ಹಿಂದಿ ಬಾರದು. ಜಾಕೀಟು ಹಾಕದೆ ಅವರು ಬೋಟು ಬಿಡುವುದಿಲ್ಲ. ಕಡೆಗೆ ಕಾಕಾ, “ಯವ್ವಾ, ಅದು ಅಂಗಿ ಅಲ್ಲ, ಬೆಂಡು” ಅಂದ. ತಕ್ಷಣ ಆಯಿ ಎರಡೂ ಕೈ ಎತ್ತಿದಳು. ನಮ್ಮೂರಲ್ಲಿ ಬೆಂಡು ಕಟ್ಟಿಕೊಳ್ಳದೆ ಈಸು ಕಲಿತವರು ಯಾರದಾರ? ಇಳಕಲ್ ಸೀರೆಯ ಮೇಲೆ ತೊಟ್ಟ ಆ ಜಾಕೀಟನ್ನು ಆಯಿ ಗಂಜಿ ಕೇಂದ್ರದಲ್ಲೂ ಬಿಚ್ಚಲಿಲ್ಲ. ಕೈಸನ್ನೆ ಮಾಡಿ ಕೇಳಿ ಇಸ್ಕೊಂಡು ಹೋದರು.

ಅಂದೇ ಸಂಜೆ ಕಾಕಾನ ದೋಣಿ ನೀರಲ್ಲಿ ಮುಳುಗಿದ್ದ ತಂತಿ ಬೇಲಿಗೆ ಸಿಕ್ಕು ಮಗುಚಿತು. ಕಾಕಾ ಒಳ್ಳೆಯ ಈಸುಗಾರ, ಆದರೆ ಸೆಳವು ಭಾಳ ಇತ್ತು. ಒಂದು ಜಾಲಿ ಗಿಡ ಹಿಡಿದು ಕೂತ. ದೂರದಲ್ಲಿ ಒಂದು ಬೋಟು ಹಾದು ಹೋಯಿತು. ಒದರಿದರೆ ಇಂಜಿನ್ ಸಪ್ಪಳದಲ್ಲಿ ಕೇಳಲಿಲ್ಲ. ಅವನ ಬನಿಯನ್ ರಾಡಿ ನೀರಿನ ಬಣ್ಣವೇ ಆಗಿತ್ತು, ಹೆಂಗ ಕಾಣಬೇಕು? ಕಡೆಗೆ ಕೆಂಪು ಟವೆಲ್ ಬೀಸಿದ್ದನ್ನು ಯಾರೋ ನೋಡಿದರು. ಮನೆಯಲ್ಲಿ ಆ ರಾತ್ರಿ ಯಾರೂ ಉಂಡಿಲ್ಲ.

ಆ ಅಂಗಿ ಯಾಕೆ ಕೇಸರಿ ಎಂದು ನನಗೆ ಆಗ ತಿಳಿಯಿತು. ರಾಡಿ ನೀರಲ್ಲಿ, ಹಸಿರು ಕಬ್ಬಿನಲ್ಲಿ ಆ ಬಣ್ಣ ದೂರದಿಂದ ಕಾಣುತ್ತದೆ. ಒಳಗೆ ಫೋಮ್ ಇರುತ್ತದೆ. ಕೈ ಸೋತವನ ಬಾಯಿ ನೀರಿನ ಮೇಲೆ ಇರುತ್ತದೆ. ಪಟ್ಟಿ ಬಿಗಿಯದಿದ್ದರೆ ಮಾತ್ರ ಜಾಕೀಟು ಕುತ್ತಿಗೆಗೆ ಏರಿಬಿಡುತ್ತದೆ. ಒಂದು ಸೀಟಿಯೂ ಕಟ್ಟಿರುತ್ತಾರೆ. ದನಿ ಬಿದ್ದವನೂ ಸೀಟಿ ಊದಬಹುದು.

ಗಮ್ ಬೂಟು ಇದ್ದರೆ ಚಲೋ ಎಂದು ನಮ್ಮ ವರ್ಗದ ಒಬ್ಬ ವಾದ ಮಾಡುತ್ತಾನೆ. ಸೆಳವಿನಲ್ಲಿ ಅದರೊಳಗೆ ನೀರು ತುಂಬಿದರೆ ಕಾಲು ಎತ್ತಲು ಬರುವುದಿಲ್ಲ. ಬೂಟು ಬೇಕಾದದ್ದು ಬೆಂಕಿ ಆರಿಸುವವರಿಗೆ. ಕಬ್ಬಿಗೆ ಬೆಂಕಿ ಬಿದ್ದಾಗ ನಮ್ಮವರು ಬರಿಗಾಲಲ್ಲಿ, ಟೆರಿಕಾಟ್ ಅಂಗಿಯಲ್ಲೇ ನುಗ್ಗುತ್ತಾರೆ. ನಮ್ಮ ಅಪ್ಪ ಬನಹಟ್ಟಿಯಲ್ಲಿ ಮಗ್ಗದ ಕೆಲಸ ಮಾಡುತ್ತಾನೆ. ಒಂದಿನ ಎರಡು ಎಳೆ ನೂಲು ಸುಟ್ಟು ತೋರಿಸಿದ. ಹತ್ತಿಯದು ಕಾಗದದಂತೆ ಉರಿದು ಬೂದಿಯಾಯಿತು. ಪಾಲಿಯೆಸ್ಟರ್ ಕರಗಿ ಕರಿ ಮಣಿಯಾಯಿತು. “ಇದು ಮೈಗೆ ಅಂಟಿದ್ರ ತೊಗಲು ಕಿತ್ಕೊಂಡ ಬರತೈತಿ” ಅಂದ. ಬೆಂಕಿಯೊಳಗೆ ಹೋಗುವವರ ಕೋಟಿಗೆ ಅರಾಮಿಡ್ ಎಂಬ ನೂಲು ಬಳಸುತ್ತಾರೆ, ಅದು ಕರಗುವುದಿಲ್ಲ.

ಜಾಕೀಟು ತಂದವರು ಪೂರ ಇಳಿದ ಮೇಲೆ ಜಾಕೀಟು ಒಯ್ದರು. ಅದು ತಪ್ಪಲ್ಲ, ಮುಂದಿನ ಊರಿಗೂ ಬೇಕಲ್ಲ. ಆದರೆ 2021ರಲ್ಲೂ 2024ರಲ್ಲೂ ನದಿ ಮತ್ತೆ ಏರಿದಾಗ ಮೊದಲು ನೀರಿಗೆ ಇಳಿದವನು ಕಾಕಾನೇ, ಸೊಂಟಕ್ಕೆ ಎರಡು ಖಾಲಿ ಎಣ್ಣೆ ಕ್ಯಾನು ಕಟ್ಟಿಕೊಂಡು. ಕಬ್ಬಿನ ಬಿಲ್ಲು ಬಂದ ಮೇಲೆ ಒಂದು ಜಾಕೀಟು ತರತೇನಿ ಅಂದಾನ. ನಾನು ದಿನಾ ಕೇಳುತ್ತೇನೆ. ಬಿಲ್ಲು ಇನ್ನೂ ಬಂದಿಲ್ಲ.