ಗುರುತಿಲ್ಲದವರ ಬುತ್ತಿ

ಕೂಡ್ಲಿಗಿ, ಮಂಗಳವಾರ, 18 ಫೆಬ್ರುವರಿ 2025

ಬೆಂಗಳೂರಿನ ಬಸ್ಸಿನಿಂದ ಇಳಿದಾಗ ಇನ್ನೂ ಮಬ್ಬುಗತ್ತಲು. ಬೆಳಕಾದ ಮೇಲೆ ಗಾಂಧೀಜಿಯ ಚಿತಾಭಸ್ಮವಿರುವ ಸ್ಮಾರಕಕ್ಕೆ ಕೈಮುಗಿದು ಬಂದು, ಕೊಟ್ಟೂರು ಬಸ್ಸಿಗೆ ಕಾದು ಕೂತೆ. ಪಕ್ಕದಲ್ಲಿದ್ದ ಅಜ್ಜಿ, "ಯಾವೂರಾತಪ್ಪ ನಿಂದು? ಏನಾರ ತಿಂದೀಯೋ ಇಲ್ಲೋ?" ಎಂದವರೇ ಉತ್ತರಕ್ಕೂ ಕಾಯದೆ ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ನಿಮಗೆ ಸಾಲುವುದಿಲ್ಲವಲ್ಲ ಅಂದೆ. "ಮಳಿ ಹೋದ ವರ್ಷ ಕಾಫಿ ತ್ವಾಟಕ್ಕ ಗುಳೆ ಹೋಗಿದ್ವಿ. ಗುರ್ತಿಲ್ಲದ ಊರಾಗ ಯಾರೋ ಒಬ್ಬಾಕಿ ನನ್ನ ಕೂಸಿಗೆ ಗಂಜಿ ಕೊಟ್ಲು. ಆಕಿ ಹೆಸ್ರು ಸೈತ ಕೇಳ್ಲಿಲ್ಲ. ತಿನ್ನು ಸುಮ್ನ" ಎಂದರು. ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಉಚಿತ ಟಿಕೆಟ್ ಪಡೆದು, ಕಿಟಕಿ ಪಕ್ಕದ ಸೀಟನ್ನೂ ನನಗೇ ಬಿಟ್ಟುಕೊಟ್ಟರು.

ಕೊಟ್ಟೂರು, ಬುಧವಾರ, 19 ಫೆಬ್ರುವರಿ

ಗೆಳೆಯನ ಮನೆಯ ಪಡಸಾಲೆ ತುಂಬಾ ಅಪರಿಚಿತರು ಮಲಗಿದ್ದರು. ಗುರುಬಸವೇಶ್ವರನ ತೇರು ಹತ್ತಿರವಾಗಿದೆ. ದಾವಣಗೆರೆ ಸೀಮೆಯಿಂದ ನಡೆದು ಬರುವವರಿಗೆ ಹಾದಿಯುದ್ದಕ್ಕೂ ಹಳ್ಳಿಯವರು ಅನ್ನ, ಸಾರು, ಮಜ್ಜಿಗೆ ಇಟ್ಟುಕೊಂಡು ಕಾಯುತ್ತಾರೆ. ಊರು ಮುಟ್ಟಿದ ಮೇಲೆ ಯಾವ ಮನೆಯ ಕಟ್ಟೆಯಾದರೂ ಸರಿ. ಗೆಳೆಯನ ತಾಯಿ ಬೊಬ್ಬೆ ಎದ್ದ ಕಾಲುಗಳಿಗೆ ಬಿಸಿನೀರು ಕಾಯಿಸುತ್ತಿದ್ದರು. ನಾನೂ ಬಕೆಟ್ ಹಿಡಿದು ಅನ್ನ ಬಡಿಸಿದೆ. ಎಷ್ಟು ಮಂದಿ ಉಂಡರೆಂದು ಯಾರೂ ಎಣಿಸಲಿಲ್ಲ, ಯಾರ ಜಾತಿಯನ್ನೂ ಕೇಳಲಿಲ್ಲ. ಸಂಜೆ ಪೇಟೆಯಲ್ಲಿ ಮಿರ್ಚಿ, ಮಂಡಕ್ಕಿ. ಅಲ್ಲಿಯ ಮಾತಿನ ಓಘ ಕೇಳಿದಾಗ, ಕುಂ. ವೀರಭದ್ರಪ್ಪನವರ ಕಥೆಗಳಿಗೆ ಅಷ್ಟು ಕಸುವು ಎಲ್ಲಿಂದ ಬಂತೆಂದು ತಿಳಿಯಿತು. ಅವರು ಹುಟ್ಟಿದ್ದು ಇದೇ ಊರಲ್ಲಿ.

ಹಗರಿಬೊಮ್ಮನಹಳ್ಳಿ, ಗುರುವಾರ, 20 ಫೆಬ್ರುವರಿ

ಅಂಕಸಮುದ್ರದ ಕೆರೆ ನೋಡಬೇಕೆಂದು ಹೊರಟರೆ ಅತ್ತ ಹೋಗುವ ಬಸ್ಸಿಲ್ಲ. ಬೈಕಿನಲ್ಲಿ ಬರುತ್ತಿದ್ದ ರೈತರೊಬ್ಬರು ತಾವಾಗಿಯೇ ನಿಲ್ಲಿಸಿ, "ಹತ್ರಿ ಹಿಂದ" ಎಂದರು. ನೀರಲ್ಲಿ ನಿಂತ ಜಾಲಿಮರಗಳ ತುಂಬಾ ಹಕ್ಕಿಗಳು. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಪೆಟ್ರೋಲಿಗೆಂದು ದುಡ್ಡು ಕೊಡಹೋದೆ. "ದೇಶಾಂತರದಿಂದ ಬಂದ ಹಕ್ಕಿ ಹತ್ರ ನಾವು ಬಾಡಿಗಿ ಕೇಳ್ತೀವೇನ್ರಿ?" ಎಂದು ನಕ್ಕು ಬೈಕು ತಿರುಗಿಸಿದರು.

ಹೂವಿನಹಡಗಲಿ, ಶುಕ್ರವಾರ, 21 ಫೆಬ್ರುವರಿ

ಹಳೆಯ ಸಹೋದ್ಯೋಗಿಯ ಮನೆ ಹುಡುಕುತ್ತಾ ಮಲ್ಲಿಗೆ ತೋಟವೊಂದರ ಬದುವಿಗೆ ಬಂದೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಆದರೆ ಮೊಗ್ಗು ಬಿಡಿಸುವವರು ಬಿಸಿಲೇರುವ ಮುಂಚೆ ಕೆಲಸ ಮುಗಿಸಬೇಕು, ಅರಳಿದ ಹೂವಿಗೆ ಬೆಲೆ ಕಡಿಮೆ. ಅಂಥ ಗಡಿಬಿಡಿಯಲ್ಲೂ ಒಬ್ಬ ಅಕ್ಕ ಬುಟ್ಟಿ ಕೆಳಗಿಟ್ಟು, ಸಹೋದ್ಯೋಗಿಯ ಓಣಿಯ ತಿರುವಿನವರೆಗೂ ಬಂದು ಮನೆ ತೋರಿಸಿದರು. ಹೊರಟವರು ಮತ್ತೆ ತಿರುಗಿ ಬಂದು, "ಮನಿಯಾಕಿಗೆ ಕೊಡ್ರಿ" ಎಂದು ಒಂದು ಹಿಡಿ ಮೊಗ್ಗು ಕೈಗಿಟ್ಟರು. ಅವರಿಗೆ ಕೂಲಿ ಸಿಗುವುದು ಬಿಡಿಸಿದ ಹೂವಿನ ತೂಕಕ್ಕೆ.

ಹರಪನಹಳ್ಳಿ, ಶನಿವಾರ, 22 ಫೆಬ್ರುವರಿ

ಇಲ್ಲಿಯ ಗೆಳೆಯನೊಬ್ಬನ ಜೊತೆ ಬಾಗಳಿಯ ಕಲ್ಲೇಶ್ವರ ಗುಡಿ ನೋಡಿ ಬಂದೆ. ಊಟಕ್ಕೆ ಕೂತಾಗ ಅವನ ತಂದೆ ಊರಿನ ಕಥೆ ಹೇಳಿದರು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ. "ಜಿಲ್ಲಾ ಬದಲಾದ್ವು, ಗುಳೆ ಹೋಗೋದು ನಿಲ್ಲಲಿಲ್ಲ" ಎಂದರು. ಕೂಡ್ಲಿಗಿಯ ಅಜ್ಜಿಯ ಮಾತು ನನಗೆ ಪೂರ್ತಿ ಅರ್ಥವಾದದ್ದು ಆಗ. ಈ ಐದು ತಾಲ್ಲೂಕುಗಳ ಜನ ಉಳ್ಳವರಾಗಿ ಕೊಡುತ್ತಿಲ್ಲ. ಪರವೂರಲ್ಲಿ ಹಸಿದು ನಿಂತವರ ಪಾಡೇನೆಂದು ಇಲ್ಲಿ ಮನೆಮನೆಗೂ ಗೊತ್ತು. ಅಲ್ಲಿ ಪಡೆದದ್ದನ್ನು ಇಲ್ಲಿ ಬಂದವರಿಗೆ ತೀರಿಸುತ್ತಾರೆ.

ಈಗ ಆ ಋಣದಲ್ಲಿ ನನ್ನ ಪಾಲೂ ಇದೆ. ಬೆಂಗಳೂರಿನ ಕಟ್ಟಡಗಳ ಬುಡದಲ್ಲಿ, ತಗಡಿನ ಶೆಡ್ಡುಗಳಲ್ಲಿ ಈ ಸೀಮೆಯವರೇ ಇದ್ದಾರೆ. ಅವರ ಊರು ಕೇಳಬೇಕು, ಉಂಡಿರಾ ಎಂದು ಕೇಳಬೇಕು, ನೀರು ಕೇಳಿದರೆ ಗೇಟು ಮುಚ್ಚಬಾರದು. ಅವರ ಊರಲ್ಲಿ ನಮಗೆ ಯಾವ ಬಾಗಿಲೂ ಮುಚ್ಚಿರಲಿಲ್ಲ.